ಶ್ರೀಕೃಷ್ಣ ಪಾರಿಜಾತ: ಪಠ್ಯದ ರಕ್ಷಣೆ, ಆಟದ ರಕ್ಷಣೆ

ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿಯಿಂದ ಗೋಕಾಕ, ಮೂಡಲಗಿಗಳವರೆಗಿನ ಸೀಮೆ ಸಣ್ಣಾಟದ ಪ್ರಮುಖ ನೆಲೆಗಳಲ್ಲೊಂದು. ಇಲ್ಲಿ ಬೆಳೆದ ಶ್ರೀಕೃಷ್ಣ ಪಾರಿಜಾತವನ್ನು ಕುರಿತ ಚರ್ಚೆ ಬಹುಮಟ್ಟಿಗೆ ಕರ್ತೃತ್ವದ ಸುತ್ತಲೇ ನಡೆದಿದೆ. ಅಪರಾಳ ತಮ್ಮಣ್ಣನು ಅದನ್ನು ರಚಿಸಿದನೆಂದೂ ಕುಲಗೋಡ ತಮ್ಮಣ್ಣನು ಆಟವಾಗಿ ರೂಪಿಸಿ ಜನಪ್ರಿಯಗೊಳಿಸಿದನೆಂದೂ ವಿದ್ವಾಂಸರು ಸಾಮಾನ್ಯವಾಗಿ ಹೇಳುತ್ತ ಬಂದಿದ್ದಾರೆ. ಈ ವಿಂಗಡಣೆಯಲ್ಲಿ ಮೊದಲನೆಯವನು ಕವಿಯಾಗಿಯೂ ಎರಡನೆಯವನು ಕೇವಲ ಪ್ರಸಾರಕನಾಗಿಯೂ ಉಳಿದುಬಿಡುವ ಅಪಾಯವಿದೆ. ಆಟವನ್ನು ತಲೆಮಾರುಗಳ ಕಾಲ ಉಳಿಸಿಕೊಂಡು ಬಂದ ಮೇಳಗಳಂತೂ ಚರ್ಚೆಯ ಅಂಚಿಗೆ ಸರಿಯುತ್ತವೆ.

ಪಾರಿಜಾತದ ಪಠ್ಯವೆಂದರೆ ಮುಖ್ಯವಾಗಿ ಅದರ ಹಾಡುಗಳು. ಅವುಗಳ ನಡುವಿನ ಮಾತು ರಂಗದ ಮೇಲೆಯೇ ಹುಟ್ಟುತ್ತದೆ. ಭಾಗವತನು ದೂತಿಯಾಗಿ ನಿಂತು ಸತ್ಯಭಾಮೆಯ ಅಹಂಕಾರವನ್ನು ಕೆಣಕುವ ಸಂದರ್ಭದಲ್ಲಿ ದ್ವಾರಕೆಯ ಅರಮನೆ ಗೋಕಾಕ ಸೀಮೆಯ ಮನೆಯಾಗುತ್ತದೆ. ಸವತಿಯರ ಮತ್ಸರ ಊರಿನ ಮಾತಿನಲ್ಲಿ ವಿಚಾರಣೆಗೆ ಬರುತ್ತದೆ. ಪ್ರೇಕ್ಷಕರು ಬದಲಾದಂತೆ ಈ ಮಾತೂ ಬದಲಾಗುತ್ತದೆ. ಕೌಜಲಗಿ ನಿಂಗಮ್ಮನಂತಹ ಕಲಾವಿದೆಯರ ಸಾಧನೆಯನ್ನು ಅಚ್ಚಾದ ಹಾಡುಗಳಿಂದ ಅಳೆಯಲಾಗದಿರುವುದು ಈ ಕಾರಣದಿಂದಲೇ.

ಈ ಸಂಗತಿಯನ್ನು ಒಳಗಿನಿಂದ ಬಲ್ಲವರು ಹುಕ್ಕೇರಿ ತಾಲೂಕಿನ ಘೋಡಗೇರಿಯವರಾದ ಚಂದ್ರಶೇಖರ ಕಂಬಾರರು. ‘ಸಂಗ್ಯಾ ಬಾಳ್ಯಾ’ದ ಸಂಪಾದನೆ ಹಾಗೂ ‘ಉತ್ತರ ಕರ್ನಾಟಕದ ಜನಪದ ರಂಗಭೂಮಿ’ ಎಂಬ ಅಧ್ಯಯನದ ಮೂಲಕ ಅವರು ಬಯಲಾಟಕ್ಕೆ ವಿದ್ವತ್ ವಲಯದಲ್ಲಿ ಸ್ಥಾನ ದೊರಕಿಸಿದರು. ‘ಜೋಕುಮಾರಸ್ವಾಮಿ’ಯಲ್ಲಿ ಅದರ ಸತ್ವವನ್ನು ಆಧುನಿಕ ರಂಗಭೂಮಿಗೆ ತಂದರು. ಆದರೆ ನಗರದ ರಂಗಮಂದಿರದಲ್ಲಿ ಬಯಲಾಟದ ಲಯ ಗೆದ್ದರೆ ಹಳ್ಳಿಯ ಮೇಳ ಉಳಿದಂತಾಗುವುದಿಲ್ಲ. ಇದು ಕಂಬಾರರ ಕೃತಿಯ ದೋಷವಲ್ಲ. ಆ ಗೆಲುವನ್ನೇ ಪರಂಪರೆಯ ರಕ್ಷಣೆಯೆಂದು ಭಾವಿಸಿದ ವಿಮರ್ಶೆಯ ದೋಷ.

ಆಫ್ರಿಕದ ಒಂದು ನಿದರ್ಶನದೊಡನೆ ಹೋಲಿಸಿದಾಗ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ. 2012ರಲ್ಲಿ ಮಾಲಿ ದೇಶದ ಟಿಂಬಕ್ಟು ನಗರ ಸಶಸ್ತ್ರ ಗುಂಪುಗಳ ವಶವಾದಾಗ ಸ್ಥಳೀಯ ಗ್ರಂಥಪಾಲಕರೂ ಮನೆತನಗಳವರೂ ಪ್ರಾಚೀನ ಹಸ್ತಪ್ರತಿಗಳನ್ನು ಪೆಟ್ಟಿಗೆಗಳಲ್ಲಿ ತುಂಬಿ ಗುಟ್ಟಾಗಿ ಬಮಾಕೊ ನಗರಕ್ಕೆ ಸಾಗಿಸಿದರು. ಅಲ್ಲಿಯೂ ಇಲ್ಲಿಯೂ ಪರಂಪರೆಯನ್ನು ಕಾಯ್ದವರು ಅದರ ವಾರಸುದಾರರೇ. ಆದರೆ ಹಸ್ತಪ್ರತಿಯನ್ನು ಪೆಟ್ಟಿಗೆಯಲ್ಲಿ ಇಡಬಹುದು, ದೂತಿಯ ಸಮಯಸ್ಫೂರ್ತಿಯನ್ನು ಇಡಲಾಗದು. ಅದು ಗುರುವಿನಿಂದ ಶಿಷ್ಯನಿಗೆ, ರಾತ್ರಿಯಿಡೀ ನಡೆಯುವ ಆಟದಲ್ಲಿಯೇ ದಾಟಬೇಕು.

ಮುದ್ರಣ, ಧ್ವನಿಮುದ್ರಣಗಳು ಅವಶ್ಯವೇ. ಆದರೆ ಒಂದು ರಾತ್ರಿಯ ಆಟವನ್ನು ದಾಖಲಿಸಿ ಅದನ್ನೇ ‘ಶುದ್ಧ ಪಾಠ’ವೆಂದು ಸ್ಥಾಪಿಸಿದರೆ ಉಳಿದ ರಾತ್ರಿಗಳ ಸ್ವಾತಂತ್ರ್ಯಕ್ಕೆ ಧಕ್ಕೆಯಾಗುತ್ತದೆ. ಸಂಕ್ಷಿಪ್ತ ಪ್ರದರ್ಶನಗಳಿಗೆ ಮಾತ್ರ ನೆರವು ದೊರೆತರೆ ಮೊದಲು ಕತ್ತರಿ ಬೀಳುವುದು ಈ ಮಾತುಗಾರಿಕೆಗೇ. ಆದ್ದರಿಂದ ಪಾರಿಜಾತದ ಸಂಶೋಧನೆ ಕರ್ತೃವನ್ನು ಹುಡುಕುವುದರ ಜೊತೆಗೆ ಮೇಳವನ್ನೂ ಕರ್ತೃವೆಂದು ಒಪ್ಪಬೇಕಾಗಿದೆ. ಹಾಗೆ ಒಪ್ಪಿದಾಗ ಕುಲಗೋಡ ತಮ್ಮಣ್ಣನು ಪ್ರಸಾರಕನಾಗಿ ಉಳಿಯದೆ, ಇಂದಿಗೂ ಮುಗಿಯದ ಕೃತಿಯೊಂದರ ಮೊದಲ ರಂಗಕವಿಯಾಗಿ ಕಾಣುತ್ತಾನೆ.