ಅಮೆರಿಕದ ರಾಜ್ಯಾಂಗವೂ ವರ್ತಕರ ಸ್ವಾರ್ಥವೂ

ಅರ್ಥಸಂಪಾದನೆಯನ್ನೇ ವೃತ್ತಿಯಾಗಿ ಉಳ್ಳವನು ರಾಜ್ಯಕಾರ್ಯದಲ್ಲಿ ತೊಡಗಿದರೆ ಅವನ ಬುದ್ಧಿಯು ಲೋಕಹಿತವನ್ನು ಅನುಸರಿಸುವುದೋ ಸ್ವಲಾಭವನ್ನು ಅನುಸರಿಸುವುದೋ ಎಂಬ ಸಂಶಯವು ಎಲ್ಲ ದೇಶಗಳಲ್ಲಿಯೂ ಹುಟ್ಟತಕ್ಕದ್ದೇ. ಅಮೆರಿಕದಲ್ಲಿ ಇದು ಆಂಗ್ಲರ ಆಳಿಕೆಯ ಕಾಲದಿಂದಲೇ ಮೊದಲಾಯಿತು. 1768ರಲ್ಲಿ ಬಾಸ್ಟನ್ ನಗರದ ವರ್ತಕನಾದ ಜಾನ್ ಹ್ಯಾನ್‌ಕಾಕನ ‘ಲಿಬರ್ಟಿ’ ಎಂಬ ನೌಕೆಯನ್ನು ಸುಂಕದ ಅಧಿಕಾರಿಗಳು ಹಿಡಿದಾಗ ಒಬ್ಬ ವ್ಯಾಪಾರಿಯ ವ್ಯಾಜ್ಯವೇ ಊರಿನವರೆಲ್ಲರ ವ್ಯಾಜ್ಯವಾಗಿ ಪರಿಣಮಿಸಿತು. ಈ ಸಂಶಯವನ್ನು ಶಾಸ್ತ್ರವಿಚಾರದ ಪದವಿಗೆ ಏರಿಸಿದವರು ಚಾರ್ಲ್ಸ್ ಬಿಯರ್ಡ್ ಮಹಾಶಯರು. ಅಮೆರಿಕದ ರಾಜ್ಯಾಂಗಕ್ಕೆ ಆರ್ಥಿಕ ದೃಷ್ಟಿಯಿಂದ ಅವರು ಬರೆದ ವ್ಯಾಖ್ಯಾನವು 1913ರಲ್ಲಿ ಪ್ರಕಟವಾಯಿತು.

ಗ್ರಂಥದ ಪ್ರತಿಜ್ಞೆಯು ಸ್ಪಷ್ಟವಾಗಿದೆ. 1787ರಲ್ಲಿ ಫಿಲಡೆಲ್ಫಿಯದಲ್ಲಿ ಸೇರಿದ 55 ಮಂದಿ ಪ್ರತಿನಿಧಿಗಳನ್ನು ಅದುವರೆಗೆ ಅನೇಕರು ಮಹರ್ಷಿಗಳಂತೆ ಸ್ತುತಿಸುತ್ತಿದ್ದರು. ಬಿಯರ್ಡರು ಸ್ತುತಿಯನ್ನು ಬದಿಗಿಟ್ಟು ಖಜಾನೆಯ ಹಳೆಯ ಲೆಕ್ಕಗಳನ್ನು ತೆರೆದು, ಯಾರಲ್ಲಿ ಎಷ್ಟು ಸಾಲಪತ್ರಗಳಿದ್ದುವು, ಯಾರಿಗೆ ಯಾವ ವ್ಯಾಪಾರವಿತ್ತು ಎಂಬುದನ್ನು ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಪರಿಶೀಲಿಸಿದರು. ಬಡ್ಡಿಗೆ ಕೊಟ್ಟ ಹಣ, ಸರ್ಕಾರದ ಸಾಲಪತ್ರ, ಕೈಗಾರಿಕೆ, ನೌಕಾವ್ಯಾಪಾರ ಎಂಬ ಈ ನಾಲ್ಕು ಬಗೆಯ ಸಂಪತ್ತುಳ್ಳವರ ಹಿತವೇ ರಾಜ್ಯಾಂಗಕ್ಕೆ ಪ್ರೇರಕವಾಯಿತೆಂದೂ, ಸಣ್ಣ ಬೇಸಾಯಗಾರರೂ ಸಾಲಗಾರರೂ ಅದಕ್ಕೆ ವಿರೋಧಿಗಳಾದರೆಂದೂ ಅವರ ನಿರ್ಣಯ. ಚರಿತ್ರೆಯನ್ನು ಶ್ರದ್ಧೆಯ ಮಾರ್ಗದಿಂದ ಪ್ರಮಾಣದ ಮಾರ್ಗಕ್ಕೆ ತಿರುಗಿಸಿದ ಈ ಗುಣವು ಶ್ಲಾಘ್ಯವಾದುದು.

ಆದರೆ ಪ್ರಮಾಣವನ್ನು ಆಶ್ರಯಿಸಿದವರನ್ನು ಪ್ರಮಾಣದಿಂದಲೇ ಪರೀಕ್ಷಿಸಬೇಕು. ಕಾರಣವೆಂಬುದು ಕಾರ್ಯಕ್ಕೆ ಮುಂಚೆ ತಪ್ಪದೆ ಇರತಕ್ಕದ್ದೆಂಬುದು ತಾರ್ಕಿಕರ ಮತ. ಬಿಯರ್ಡರು ಆಧಾರವಾಗಿ ಹಿಡಿದ ಲೆಕ್ಕಗಳಲ್ಲಿ ಬಹುಭಾಗವು 1790ರ ಸಾಲವ್ಯವಸ್ಥೆಯ ತರುವಾಯದವು. ಆಗ ಒಬ್ಬನ ಕೈಯಲ್ಲಿದ್ದ ಪತ್ರವು ಮೂರು ವರ್ಷಗಳ ಹಿಂದೆಯೂ ಅವನಲ್ಲಿಯೇ ಇತ್ತೆಂದು ಹೇಗೆ ಸಿದ್ಧವಾಗುವುದು? ಈ ದೋಷವನ್ನು 1956ರಲ್ಲಿ ರಾಬರ್ಟ್ ಬ್ರೌನ್ ಅವರು ವಿಸ್ತಾರವಾಗಿ ತೋರಿಸಿಕೊಟ್ಟರು.

ಎರಡನೆಯ ದೋಷವು ವ್ಯಭಿಚಾರ. ಎಂದರೆ, ಹೇತುವಿದ್ದಲ್ಲಿ ಸಾಧ್ಯವಿಲ್ಲದಿರುವುದು. ಮ್ಯಾಸಚೂಸೆಟ್ಸಿನ ವರ್ತಕನಾದ ಎಲ್‌ಬ್ರಿಜ್ ಗೆರಿಯು ಆ ಸಭೆಯಲ್ಲಿ ಸಾಲಪತ್ರಗಳನ್ನು ಹೇರಳವಾಗಿ ಹೊಂದಿದ್ದವರಲ್ಲಿ ಒಬ್ಬನು. ಆದರೂ ಅವನು ರಾಜ್ಯಾಂಗಕ್ಕೆ ರುಜು ಹಾಕಲು ಒಪ್ಪಲಿಲ್ಲ. ರಾಜ್ಯಾಂಗದ ರಚನೆಗೆ ಬಹುಮಟ್ಟಿಗೆ ಕಾರಣನಾದ ಜೇಮ್ಸ್ ಮ್ಯಾಡಿಸನ್ನನಲ್ಲಿಯಾದರೋ ಅಂತಹ ಪತ್ರಗಳಿದ್ದಂತೆ ಕಾಣುವುದಿಲ್ಲವೆಂದು ಗ್ರಂಥಕರ್ತರೇ ಹೇಳಿರುವರು. ಹೀಗೆ ಅನ್ವಯವೂ ವ್ಯತಿರೇಕವೂ ಎರಡೂ ಸಡಿಲವಾಗುವುವು. 1958ರಲ್ಲಿ ಫಾರೆಸ್ಟ್ ಮ್ಯಾಕ್‌ಡೊನಾಲ್ಡ್ ಅವರು ಪ್ರತಿನಿಧಿಗಳ ಆಸ್ತಿಯನ್ನು ಮತ್ತೆ ಶೋಧಿಸಿ, ಈ ವಿಭಾಗವು ನಿಲ್ಲದೆಂದು ನಿರೂಪಿಸಿದರು. ತಮ್ಮದು ‘ಒಂದು’ ವ್ಯಾಖ್ಯಾನವೇ ಹೊರತು ಏಕೈಕ ವ್ಯಾಖ್ಯಾನವಲ್ಲವೆಂದು ಬಿಯರ್ಡರು 1935ರ ಮುದ್ರಣದಲ್ಲಿ ಹೇಳಿಕೊಂಡಿದ್ದರೂ, ಗ್ರಂಥದ ಒಳಗಿನ ಧ್ವನಿಯಲ್ಲಿ ಆ ವಿನಯವು ಕಾಣಬರುವುದಿಲ್ಲ.

ಇಷ್ಟರಿಂದ ವರ್ತಕರೆಲ್ಲರೂ ನಿಃಸ್ಪೃಹರೆಂದು ಸಿದ್ಧವಾಯಿತೆನ್ನುವುದೂ ಅವಿಚಾರವೇ. ಫಿಲಡೆಲ್ಫಿಯದ ರಾಬರ್ಟ್ ಮಾರಿಸ್ಸನನ್ನು ನೋಡಬಹುದು. ಸಾರ್ವಜನಿಕ ಹಣವನ್ನೂ ತನ್ನ ವ್ಯಾಪಾರವನ್ನೂ ಬೆರೆಸಿದನೆಂಬ ಆಕ್ಷೇಪವು 1779ರಲ್ಲಿ ಅವನ ಮೇಲೆ ಬಂದಿತು. ಕಾಂಗ್ರೆಸ್ ಸಭೆಯು ವಿಚಾರಿಸಿ ಅವನನ್ನು ನಿರ್ದೋಷಿಯೆಂದಿತು. 1781ರಲ್ಲಿ ಹಣಕಾಸಿನ ಮೇಲಧಿಕಾರವನ್ನು ವಹಿಸುವಾಗ, ತನ್ನ ವ್ಯಾಪಾರಸಂಬಂಧಗಳನ್ನು ಬಿಡುವುದಿಲ್ಲವೆಂದು ಮಾರಿಸ್ಸನು ಮೊದಲೇ ಬರೆದು ತಿಳಿಸಿದನು. ಸಭೆಯು ಅದನ್ನು ಒಪ್ಪಿಕೊಂಡಿತು. ಬೊಕ್ಕಸವು ಬರಿದಾಗಿತ್ತು, ಅವನ ಸ್ವಂತ ರುಜುವುಳ್ಳ ಹುಂಡಿಗಳು ರಾಜ್ಯದ ಕಾಗದದ ಹಣಕ್ಕಿಂತ ಹೆಚ್ಚಾಗಿ ಸಲ್ಲುತ್ತಿದ್ದುವು. ಮರುವರ್ಷ ಡೆಲವೇರ್ ಜಲಮಾರ್ಗದಲ್ಲಿ ವ್ಯಾಪಾರದ ಹಡಗುಗಳನ್ನು ಕಾಯಲು ಪೆನ್ಸಿಲ್ವೇನಿಯವು ಸಜ್ಜುಗೊಳಿಸಿದ ನೌಕೆಯು ಮೈಸೂರಿನ ಹೈದರಾಲಿಯ ಹೆಸರನ್ನು ಹೊತ್ತು, ಆಂಗ್ಲರ ‘ಜನರಲ್ ಮಂಕ್’ ನೌಕೆಯನ್ನು ಗೆದ್ದಿತು. ವರ್ತಕರ ರಕ್ಷಣೆ ಯಾವುದು, ರಾಜ್ಯದ ರಕ್ಷಣೆ ಯಾವುದು ಎಂದು ಆಗ ಬೇರ್ಪಡಿಸಿ ಹೇಳುವಂತಿರಲಿಲ್ಲ.

ಬೇರ್ಪಡಿಸುವ ಯತ್ನವು 1789ರಲ್ಲಿ ಆಯಿತು. ಖಜಾನೆಯ ಇಲಾಖೆಯನ್ನು ಸ್ಥಾಪಿಸಿದ ಶಾಸನವು ಅದರ ಅಧಿಕಾರಿಗಳು ವ್ಯಾಪಾರ ಮಾಡಕೂಡದು, ಹಡಗುಗಳ ಒಡೆತನವಿರಕೂಡದು, ಸರ್ಕಾರದ ಭೂಮಿಯನ್ನಾಗಲಿ ಸಾಲಪತ್ರವನ್ನಾಗಲಿ ಕೊಳ್ಳಕೂಡದು ಎಂದು ವಿಧಿಸಿತು. ಮಾರಿಸ್ಸನಿಗೆ ಎಂಟು ವರ್ಷಗಳ ಹಿಂದೆ ದೊರೆತ ಅನುಮತಿಯು ಅವನ ಬಳಿಕ ಆ ಸ್ಥಾನಕ್ಕೆ ಬಂದವರಿಗೆ ನಿಷಿದ್ಧವಾಯಿತು. ಈ ನಿಷೇಧವನ್ನು ಮಾಡಿದ ಮೊದಲನೆಯ ಶಾಸನಸಭೆಯಲ್ಲಿ ಮಾರಿಸ್ಸನೂ ಗೆರಿಯೂ ಸದಸ್ಯರಾಗಿದ್ದರೆಂಬುದು ಗಮನಾರ್ಹ. ಬರಿಯ ಸ್ವಾರ್ಥದಿಂದ ಹುಟ್ಟಿದ ರಾಜ್ಯವು ಸ್ವಾರ್ಥಕ್ಕೆ ಇಂತಹ ಕಟ್ಟನ್ನು ಹಾಕಿದುದೇಕೆ? ಬಿಯರ್ಡರ ತತ್ತ್ವದಿಂದ ಇದಕ್ಕೆ ಸಮಾಧಾನವು ದೊರೆಯುವುದಿಲ್ಲ.

ರಾಜ್ಯಕಾರ್ಯಕ್ಕೆ ಬಂದವನಲ್ಲಿ ಏನಿತ್ತೆಂದು ಕೇಳಿದರೆ ಸಾಲದು; ತನ್ನದಕ್ಕೂ ರಾಜ್ಯದ್ದಕ್ಕೂ ನಡುವೆ ಯಾವ ಎಲ್ಲೆಯನ್ನು ಒಪ್ಪಿಕೊಂಡನೆಂದೂ ಕೇಳಬೇಕು. ಮೊದಲನೆಯ ಪ್ರಶ್ನೆಯಲ್ಲಿಯೇ ನಿಂತವರಿಗೆ ಗೆರಿಯೂ ಮಾರಿಸ್ಸನೂ ಒಂದೇ ಪಂಕ್ತಿಯವರಾಗಿ ತೋರುವರು. ಸಾಧುವಿಗೂ ಲೋಭಿಗೂ ಭೇದವುಳಿಯುವುದಿಲ್ಲ. ಭೇದವನ್ನು ಕಾಣಲಾರದ ಪ್ರಜೆಗಳು ಲೋಭಿಯನ್ನು ದಂಡಿಸಲೂ ಅಸಮರ್ಥರಾಗುವರು. ಬಿಯರ್ಡರ ಗ್ರಂಥವು ಅವಶ್ಯವಾಗಿ ಪಠನೀಯ. ಆದರೆ ಅದನ್ನು ಪೂರ್ವಪಕ್ಷವೆಂದು ಓದಬೇಕೇ ಹೊರತು ಸಿದ್ಧಾಂತವೆಂದಲ್ಲ.