ಜಾತಕದ ಮರೆಯಲ್ಲಿ ಉಳಿದ ಪ್ರಶ್ನೆ

ಸುರಪುರ ಸಂಸ್ಥಾನದ ಕೊನೆಯ ದಿನಗಳನ್ನು ಕುರಿತು ಬರೆಯುವವರು, ಭಾಷಣ ಮಾಡುವವರು ಬಹುಮಟ್ಟಿಗೆ ಆಶ್ರಯಿಸುವ ಗ್ರಂಥವೊಂದಿದೆ. ಅದು ಫಿಲಿಪ್ ಮೆಡೋಸ್ ಟೇಲರ್‌ನ ಆತ್ಮಕಥೆ. ‘ದಿ ಸ್ಟೋರಿ ಆಫ್ ಮೈ ಲೈಫ್’ ಎಂಬ ಹೆಸರಿನ ಈ ಕೃತಿ, ಲೇಖಕನು 1876ರಲ್ಲಿ ತೀರಿಕೊಂಡ ಮರುವರ್ಷ ಅವನ ಮಗಳ ಸಂಪಾದಕತ್ವದಲ್ಲಿ ಪ್ರಕಟವಾಯಿತು. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲನ್ನು ನೋಡುತ್ತ ಬೆಳೆದ ರಂಗಂಪೇಟೆಯ ನಮಗೆ ಈ ಗ್ರಂಥಕರ್ತನು ಅಪರಿಚಿತನಲ್ಲ. 1840ರ ದಶಕದ ಆರಂಭದಿಂದ 1853ರವರೆಗೆ, ಬಾಲಕ ರಾಜಾ ವೆಂಕಟಪ್ಪ ನಾಯಕರ ಪರವಾಗಿ ಸಂಸ್ಥಾನದ ಆಡಳಿತವನ್ನು ನೋಡಿಕೊಂಡವನು ಅವನೇ. ರಾಜರು ಅವನನ್ನು ‘ಅಪ್ಪಾ’ ಎಂದೇ ಕರೆಯುತ್ತಿದ್ದರು.

ಗ್ರಂಥದ ಗುಣವನ್ನು ಮೊದಲು ಹೇಳುವುದು ನ್ಯಾಯ. ಆಂಗ್ಲ ಅಧಿಕಾರಿಗಳ ಬರಹಗಳಲ್ಲಿ ಸಾಮಾನ್ಯವಾಗಿ ಕಾಣುವ ತಿರಸ್ಕಾರ ಇಲ್ಲಿ ಕಡಿಮೆ. ಸೆರೆಯಲ್ಲಿದ್ದ ರಾಜರನ್ನು ತಾನು ಭೇಟಿಯಾದ ಪ್ರಸಂಗವನ್ನು ಟೇಲರ್ ನಿಜವಾದ ದುಃಖದಿಂದ ಬರೆದಿದ್ದಾನೆ. ಪ್ರೇರೇಪಿಸಿದವರ ಹೆಸರುಗಳನ್ನು ಹೇಳಿದರೆ ಶಿಕ್ಷೆಯಲ್ಲಿ ಅನುಕೂಲವಾದೀತೆಂಬ ಸೂಚನೆ ಬಂದಾಗಲೂ ರಾಜರು ಒಂದು ಹೆಸರನ್ನೂ ಬಾಯಿಬಿಡಲಿಲ್ಲ. ಆ ಮಾತನ್ನು ದಾಖಲಿಸಿ ಉಳಿಸಿದವನು ಎದುರು ಪಕ್ಷದ ಟೇಲರನೇ. ಈ ಋಣವನ್ನು ನಾವು ಒಪ್ಪಿಕೊಳ್ಳಬೇಕು.

ಆದರೆ ಯುದ್ಧಕ್ಕೆ ಸೇರುವ ನಿರ್ಣಯವನ್ನು ಈ ಗ್ರಂಥ ವಿವರಿಸುವ ಕ್ರಮವನ್ನು ಒಪ್ಪುವುದು ಕಷ್ಟ. ಟೇಲರನ ಕಥನದಲ್ಲಿ ರಾಜರ ಪತನಕ್ಕೆ ಎರಡು ಕಾರಣಗಳು. ಒಂದು, ದುಷ್ಟರ ಸಹವಾಸ. ಇನ್ನೊಂದು, ಜಾತಕ. ಇಪ್ಪತ್ನಾಲ್ಕನೆಯ ವರ್ಷದಲ್ಲಿ ರಾಜರಿಗೆ ಮರಣವೆಂದು ಹುಟ್ಟಿದಾಗಲೇ ಬರೆದಿಟ್ಟಿದ್ದ ಜಾತಕವು ತನಗೆ ಬಹು ಹಿಂದೆಯೇ ತಿಳಿದಿತ್ತೆಂದು ಅವನು ಹೇಳುತ್ತಾನೆ. ಮರಣದಂಡನೆ ತಪ್ಪಿ, ಶಿಕ್ಷೆ ಇಳಿದಿಳಿದು ಚೆಂಗಲ್‌ಪಟ್ಟಿನ ಕೋಟೆಯಲ್ಲಿ ನಾಲ್ಕು ವರ್ಷದ ಸೆರೆಗೆ ಬಂದು ನಿಂತಾಗ ಓದುಗನಿಗೆ ಒಂದು ಸಮಾಧಾನ. ಅದರ ಬೆನ್ನಲ್ಲೇ, 1858ರ ಮೇ ತಿಂಗಳಲ್ಲಿ, ದಾರಿಯಲ್ಲಿಯೇ ಕಾವಲು ಅಧಿಕಾರಿಯ ರಿವಾಲ್ವರಿನ ಗುಂಡಿನಿಂದ ರಾಜರು ಸತ್ತ ವಾರ್ತೆ. ಕಾದಂಬರಿಯ ಕೊನೆಯ ಅಧ್ಯಾಯಕ್ಕೆ ಇದಕ್ಕಿಂತ ಹೊಂದುವ ಘಟನೆ ಸಿಗಲಾರದು.

ಟೇಲರ್ ಕಾದಂಬರಿಕಾರನೂ ಹೌದೆಂಬುದನ್ನು ಇಲ್ಲಿ ಮರೆಯಬಾರದು. 1657, 1757, 1857, ಹೀಗೆ ನೂರು ನೂರು ವರ್ಷಗಳ ಅಂತರದ ಮೂರು ಸಂಧಿಕಾಲಗಳನ್ನು ಆರಿಸಿಕೊಂಡು ‘ತಾರಾ’, ‘ರಾಲ್ಫ್ ಡಾರ್ನೆಲ್’, ‘ಸೀತಾ’ ಎಂಬ ಮೂರು ಕಾದಂಬರಿಗಳನ್ನು ರಚಿಸಿದವನು ಅವನು. ಪ್ಲಾಸಿ ಯುದ್ಧದ ನೂರನೆಯ ವರ್ಷಕ್ಕೆ ಕಂಪನಿಯ ಆಳ್ವಿಕೆ ಮುಗಿಯುವುದೆಂಬ ಭವಿಷ್ಯವಾಣಿ 1857ರಲ್ಲಿ ಎಲ್ಲೆಡೆ ಹಬ್ಬಿತ್ತು. ಕಾಲದ ಅಂಕಿಗಳಲ್ಲಿ ವಿಧಿಯ ಕೈವಾಡವನ್ನು ಕಾಣುವ ಮೋಹ ಆ ಮಾತನ್ನು ನಂಬಿದ ಜನರಿಗೆ ಇದ್ದಂತೆ ಅವನಿಗೂ ಇತ್ತು. ಇದರ ಲಾಭ ಯಾರಿಗೆ? ವಿಧಿಯೇ ಕರ್ತೃವಾದರೆ ರಾಜರೂ ನಿರಪರಾಧಿ, ಅವರನ್ನು ಬೆಳೆಸಿದ ಟೇಲರನೂ ನಿರಪರಾಧಿ, ಕಂಪನಿಯಂತೂ ಚರ್ಚೆಗೇ ಬರುವುದಿಲ್ಲ. ಕರ್ಮಸಿದ್ಧಾಂತವನ್ನು ನಂಬಿದವರಾದ ನಮಗೆ ಇಂಥ ವಾದ ಅನುಕೂಲವೆಂದು ಕೆಲವರು ಭಾವಿಸಬಹುದು. ಹಾಗಲ್ಲ. ಕರ್ಮವೆಂದರೆ ಮಾಡಿದವನ ಲೆಕ್ಕವೇ ಹೊರತು ಲೆಕ್ಕವನ್ನು ಅಳಿಸುವ ಒದ್ದೆಬಟ್ಟೆಯಲ್ಲ.

ಜಾತಕವನ್ನು ಬದಿಗಿಟ್ಟು ತಾರೀಖುಗಳನ್ನೇ ನೋಡೋಣ. ದೆಹಲಿ ಮತ್ತೆ ಆಂಗ್ಲರ ಕೈಸೇರಿದ್ದು 1857ರ ಸೆಪ್ಟೆಂಬರಿನಲ್ಲಿ. ನಿಶ್ಶಸ್ತ್ರೀಕರಣದ ಕಾಯಿದೆಗೆ ವಿರೋಧವಾಗಿ ಹಲಗಲಿಯ ಬೇಡರು ಎದ್ದದ್ದು ಅದೇ ವರ್ಷದ ನವೆಂಬರಿನಲ್ಲಿ. ಸುರಪುರದಲ್ಲಿ ಕ್ಯಾಪ್ಟನ್ ವಿಂಡ್‌ಹ್ಯಾಮನ ಪಡೆಯ ಮೇಲೆ ದಾಳಿ ನಡೆದದ್ದು 1858ರ ಫೆಬ್ರವರಿ 7ರ ರಾತ್ರಿ. ನರಗುಂದದ ಭಾಸ್ಕರರಾವ್ ಭಾವೆಯವರು, ಮುಂಡರಗಿಯ ಭೀಮರಾಯರು ಹೋರಾಟಕ್ಕೆ ಇಳಿದದ್ದು ಮೇ ತಿಂಗಳ ಕೊನೆಯಲ್ಲಿ. ಆ ಹೊತ್ತಿಗೆ ವೆಂಕಟಪ್ಪ ನಾಯಕರು ಬದುಕಿಯೇ ಇರಲಿಲ್ಲ. ಒಂದೇ ಕಾಲಕ್ಕೆ ಎದ್ದಿದ್ದರೆ ಬೇರೆಯೇ ಆಗುತ್ತಿತ್ತೆಂದು ಹೇಳುವ ಧೈರ್ಯ ನನಗಿಲ್ಲ. ಒಬ್ಬರು ಕೆಡೆದ ಮೇಲೆ ಇನ್ನೊಬ್ಬರು ಎದ್ದರೆಂಬುದು ಮಾತ್ರ ಸ್ಪಷ್ಟ.

ಇದಕ್ಕೆ ಕಾರಣ ಗ್ರಹಗತಿಯಲ್ಲ, ಗಡಿಗಳು. ಕನ್ನಡ ನಾಡು ಆಗ ನಿಜಾಮ, ಮುಂಬಯಿ, ಮದರಾಸು, ಮೈಸೂರು ಎಂದು ಹರಿದು ಹಂಚಿಹೋಗಿತ್ತು. ಕೃಷ್ಣೆಯ ಆಚೆಗೆ ಲಿಂಗಸೂಗೂರಿನಲ್ಲಿ ದಂಡು. ಹೈದರಾಬಾದಿನಲ್ಲಿ 1857ರ ಜುಲೈ 17ರಂದು ತುರ್ರೇಬಾಜ್ ಖಾನ್ ಮತ್ತು ಮೌಲ್ವಿ ಅಲ್ಲಾವುದ್ದೀನ್ ಅವರ ನಾಯಕತ್ವದಲ್ಲಿ ರೆಸಿಡೆನ್ಸಿಯ ಮೇಲೆ ಜನ ನುಗ್ಗಿದರು. ಅದೇ ನಗರದ ದಿವಾನ ಸಾಲಾರ್ ಜಂಗ್ ಕಂಪನಿಯ ಪಕ್ಷವನ್ನು ಗಟ್ಟಿಯಾಗಿ ಹಿಡಿದರು. ಮೈಸೂರಿನ ಮುಮ್ಮಡಿ ಕೃಷ್ಣರಾಜರೂ ಆಂಗ್ಲರ ಕಡೆಗೇ ಇದ್ದರು. ಸೋತು ಹೈದರಾಬಾದಿಗೆ ಹೋದ ಸುರಪುರದ ರಾಜರು ಅಲ್ಲಿ ಸೆರೆಯಾಗಿ ರೆಸಿಡೆಂಟನ ವಶವಾದರು. ‘ನಾಡು ಎದ್ದಿತು’ ಎಂದು ನಮ್ಮ ಉತ್ಸವಗಳ ವೇದಿಕೆಯಿಂದ ಹೇಳುವವರು ಈ ಒಡಕನ್ನು ಮರೆಸುತ್ತಾರೆ. ಟೇಲರನಿಗೆ ಜಾತಕ ಮಾಡಿದ ಉಪಕಾರವನ್ನೇ ಇವರಿಗೆ ಜಯಘೋಷ ಮಾಡುತ್ತದೆ.

ಎರಡೂ ಕಥನಗಳಲ್ಲಿ ಕಾಣದವರು ಒಬ್ಬರಿದ್ದಾರೆ: ನಿರ್ಣಯದ ಸಭೆಯಲ್ಲಿ ಬೇಡವೆಂದು ಹೇಳಿದವರು. ಅಂಥವರು ಇದ್ದಿರಲೇಬೇಕು. ಗುಡ್ಡದ ಮೇಲೆ ಅರಬರು, ರೋಹಿಲರು ಕೂಲಿ ಸಿಪಾಯಿಗಳಾಗಿ ಬಂದು ಸೇರುತ್ತಿದ್ದಾಗ ಕೆಳಗಿನ ಪೇಟೆಯ ನೇಕಾರರು, ಕಾಳುಕಡಿಯ ವ್ಯಾಪಾರಿಗಳು, ಸುತ್ತಣ ಹಳ್ಳಿಯ ರೈತರು ಒಂದೇ ಮನಸ್ಸಿನಿಂದ ಇದ್ದರೆಂದು ನಂಬಲಾಗದು. ಆದಿಪುರಾಣದಲ್ಲಿ ಭರತ ಬಾಹುಬಲಿಗಳ ಸೇನೆಗಳು ಎದುರುಬದುರಾಗಿ ನಿಂತಾಗ, ಇಬ್ಬರ ಹಟಕ್ಕೆ ಸಾವಿರಾರು ಜನ ಸಾಯುವುದೇಕೆ ಎಂದು ನಡುವೆ ಬಂದವರು ಮಂತ್ರಿಗಳು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ಆ ಮಾತಿನ ಫಲ. ಪುರಾಣಕರ್ತರು ಆ ಮಂತ್ರಿಗಳಿಗೆ ಸ್ಥಾನ ಕೊಟ್ಟರು. ಟೇಲರ್ ಕೆಟ್ಟ ಸಲಹೆಗಾರರಿಗೆ ಪುಟಗಳನ್ನು ಕೊಟ್ಟು ಒಳ್ಳೆಯವರನ್ನು ಬಿಟ್ಟನು. ಅವನು ಆಗ ಇದ್ದದ್ದು ದೂರದ ಬೇರಾರಿನಲ್ಲಿ. ಬರೆದದ್ದೆಲ್ಲ ಮೇಲಿಂದ ಕೇಳಿದ್ದು.

ಅರಸೊತ್ತಿಗೆಯ ಕಾಲದಲ್ಲಿ ಹಾಗಾಯಿತು, ಈಗ ಮತದಾನವಿದೆಯಲ್ಲ ಎಂದು ಯಾರಾದರೂ ಕೇಳಬಹುದು. ಅಲ್ಲಿ ಜಾತಕದ ಸ್ಥಾನವನ್ನು ಚುನಾವಣೆಯ ದಿನಾಂಕ ಆಕ್ರಮಿಸಿದೆ. ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್ 1916ರ ನವೆಂಬರಿನಲ್ಲಿ, ದೇಶವನ್ನು ಯುದ್ಧದಿಂದ ದೂರವಿಟ್ಟವರೆಂಬ ಪ್ರಚಾರದೊಂದಿಗೆ ಪುನಃ ಆಯ್ಕೆಯಾದರು. ದಕ್ಷಿಣ, ಪಶ್ಚಿಮಗಳ ರಾಜ್ಯಗಳು ಅವರ ಕಡೆ. ಈಶಾನ್ಯದ ಬಹುತೇಕ ರಾಜ್ಯಗಳು ಎದುರಾಳಿಯ ಕಡೆ. ಐದು ತಿಂಗಳು ಕಳೆಯುವುದರೊಳಗೆ, 1917ರ ಏಪ್ರಿಲ್ 6ರಂದು, ಅದೇ ದೇಶ ಯುದ್ಧಕ್ಕಿಳಿಯಿತು. ಆದರೂ ಒಂದು ವ್ಯತ್ಯಾಸವುಂಟು. ಪ್ರತಿನಿಧಿ ಸಭೆಯಲ್ಲಿ 373 ಮಂದಿ ಒಪ್ಪಿದರು, 50 ಮಂದಿ ಒಪ್ಪಲಿಲ್ಲ. ಆ ಐವತ್ತು ಜನರ ಹೆಸರುಗಳು ಕಡತದಲ್ಲಿವೆ.

ಗೃಹಸ್ಥನಿಗೆ ವಿರೋಧಿ ಹಿಂಸೆ ಸಂಪೂರ್ಣ ವರ್ಜ್ಯವಲ್ಲವೆಂದು ನಮ್ಮ ಆಚಾರ್ಯರು ಹೇಳಿದ್ದಾರೆ. ತನ್ನವರ ರಕ್ಷಣೆಗಾಗಿ ಎದುರಿಸಬಹುದು. ಯಾರನ್ನು ರಕ್ಷಿಸಲು ಹೊರಟೆವೋ ಅವರು ಅದರಿಂದ ರಕ್ಷಿತರಾಗುವರೇ ಎಂದು ಮೊದಲು ಕೇಳಿಕೊಳ್ಳುವ ಹೊಣೆಯೂ ಆ ಅನುಮತಿಯೊಳಗೇ ಇದೆ. ಈ ದೃಷ್ಟಿಯಿಂದ ಯುದ್ಧದ ಸಮಯ ಯಾವುದೆಂಬುದು ಕೇವಲ ಸೇನಾಪತಿಯ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆ. ದೆಹಲಿ ಬಿದ್ದ ಐದು ತಿಂಗಳಿಗೆ, ಸುತ್ತಲೂ ಮಿತ್ರರಿಲ್ಲದೆ ಕೈಗೊಂಡ ನಿರ್ಣಯವನ್ನು ಈ ಪ್ರಶ್ನೆಯಿಂದ ಬಿಡಿಸಲಾಗದು. ರಾಜರ ಶೌರ್ಯ, ಮಿತ್ರರ ಹೆಸರನ್ನು ಹೇಳದ ಸ್ಥೈರ್ಯ ಇವೆರಡನ್ನೂ ಗೌರವಿಸುತ್ತಲೇ ಈ ಮಾತನ್ನು ಹೇಳುತ್ತಿದ್ದೇನೆ.

ಟೇಲರನ ಗ್ರಂಥವನ್ನು ಓದುವವರು 1860ರ ಒಪ್ಪಂದವನ್ನೂ ಪಕ್ಕದಲ್ಲಿಟ್ಟುಕೊಂಡು ಓದಬೇಕೆಂದು ಲೆಕ್ಕಪತ್ರದ ಅಭ್ಯಾಸವಿರುವ ನನ್ನಂಥವನ ಸಲಹೆ. ಕಂಪನಿಗೆ ನೆರವಾದ ನಿಜಾಮರಿಗೆ ಆಂಗ್ಲ ಸರ್ಕಾರ ಆಗ 50 ಲಕ್ಷ ರೂಪಾಯಿಗಳ ಸಾಲವನ್ನು ಮನ್ನಾ ಮಾಡಿತು. ಧಾರಾಶಿವ ಮತ್ತು ರಾಯಚೂರು ದೋಆಬ್ ಪ್ರದೇಶಗಳನ್ನು ಹಿಂದಿರುಗಿಸಿತು. ಮುಟ್ಟುಗೋಲಾದ ಸುರಪುರವನ್ನೂ ಅದರೊಂದಿಗೆ ಸೇರಿಸಿ ಕೊಟ್ಟಿತು. ಜಮೆಯ ಕಡೆ ಒಂದು ಕಲಮಾಗಿ ಹೋದ ಸಂಸ್ಥಾನ 1948ರ ಸೆಪ್ಟೆಂಬರಿನವರೆಗೆ ನಿಜಾಮರ ಖಾತೆಯಲ್ಲಿಯೇ ಉಳಿಯಿತು.