ಡೆಸ್ಕ್‌ಟಾಪ್ ತುಂಬಿದರೆ ಕೆಲಸ ಚುರುಕಾಗದು

ಕಂಪ್ಯೂಟರಿನಲ್ಲಿ ಬೇಗ ಕೆಲಸ ಮುಗಿಸಬೇಕೆಂದರೆ ಬೇಕಾದ್ದಕ್ಕೆಲ್ಲ ಡೆಸ್ಕ್‌ಟಾಪಿನಲ್ಲಿ ಶಾರ್ಟ್‌ಕಟ್ ಇಟ್ಟುಕೊಳ್ಳಿ, ಒಂದೊಂದಕ್ಕೂ ನಿಮ್ಮದೇ ಕೀ ಗೊತ್ತುಮಾಡಿಕೊಳ್ಳಿ ಎಂಬುದು ಬಲ್ಲವರೆಲ್ಲ ಕೊಡುವ ಸಲಹೆ. ಕೇಳಲು ಸೊಗಸಾಗಿದೆ, ಪಾಲಿಸಿದರೆ ಲಾಭಕ್ಕಿಂತ ಗೋಜಲೇ ಹೆಚ್ಚು.

ಮೂಲೆಯಲ್ಲಿ ಪುಟ್ಟ ಬಾಣವಿರುವ ಈ ಐಕಾನ್‌ಗಳನ್ನು ನಮಗೆ ರೂಢಿ ಮಾಡಿಸಿದ್ದು 1995ರಲ್ಲಿ ಬಂದ ವಿಂಡೋಸ್ 95. ಅವುಗಳ ದೊಡ್ಡ ತೊಡಕೆಂದರೆ ಕೆಲಸವಿಲ್ಲದಾಗ ಎದುರಿಗಿರುತ್ತವೆ, ಕೆಲಸ ಶುರುವಾದೊಡನೆ ಮರೆಯಾಗುತ್ತವೆ. ವರ್ಡ್, ಬ್ರೌಸರ್ ತೆರೆದ ಮೇಲೆ ಡೆಸ್ಕ್‌ಟಾಪ್ ಕಾಣುವುದೆಲ್ಲಿ? ವಿಂಡೋಸ್ ಕೀ ಜತೆ ಡಿ ಒತ್ತಿ ಎಲ್ಲವನ್ನೂ ಸರಿಸಬೇಕು, ಐಕಾನ್‌ಗಳ ಗುಂಪಿನಲ್ಲಿ ಬೇಕಾದ್ದನ್ನು ಹುಡುಕಬೇಕು, ಆಮೇಲೆ ಎರಡು ಸಲ ಕ್ಲಿಕ್ಕಿಸಬೇಕು. ಅದೇ ಪ್ರೋಗ್ರಾಮನ್ನು ಟಾಸ್ಕ್‌ಬಾರಿಗೆ ಪಿನ್ ಮಾಡಿಟ್ಟರೆ, ಮೊದಲನೆಯದಕ್ಕೆ ವಿಂಡೋಸ್ ಕೀ ಜತೆ 1, ಎರಡನೆಯದಕ್ಕೆ 2 ಒತ್ತಿದರಾಯಿತು. 2009ರ ವಿಂಡೋಸ್ 7ರಲ್ಲೇ ಈ ಸೌಲಭ್ಯವಿತ್ತು.

ಸ್ವಂತ ಕೀಗಳ ಕಥೆ ಇನ್ನೂ ತಮಾಷೆಯದು. ಶಾರ್ಟ್‌ಕಟ್‌ನ ಪ್ರಾಪರ್ಟೀಸ್‌ನಲ್ಲಿ ‘ಶಾರ್ಟ್‌ಕಟ್ ಕೀ’ ಎಂಬ ಖಾನೆಯಿದೆ. ಅಲ್ಲಿ ಒಂದು ಅಕ್ಷರ ಒತ್ತಿದರೆ ವಿಂಡೋಸ್ ತಾನೇ ಕಂಟ್ರೋಲ್, ಆಲ್ಟ್ ಎರಡನ್ನೂ ಸೇರಿಸಿಕೊಳ್ಳುತ್ತದೆ. ಕ್ಯಾಲ್ಕುಲೇಟರಿಗೆ ಕಂಟ್ರೋಲ್, ಆಲ್ಟ್, 4 ಎಂದು ಗೊತ್ತುಮಾಡಿದಿರೆನ್ನಿ. ‘ಇಂಗ್ಲಿಷ್ (ಇಂಡಿಯಾ)’ ಕೀಬೋರ್ಡಿನಲ್ಲಿ ₹ ಚಿಹ್ನೆ ಮೂಡುವುದೂ ಇದೇ ಮೂರು ಕೀಗಳಿಂದ! ಬಿಲ್ಲಿನಲ್ಲಿ ರೂಪಾಯಿ ಬರೆಯಹೊರಟರೆ ಕ್ಯಾಲ್ಕುಲೇಟರ್ ಎದ್ದು ಬರುತ್ತದೆ. ಸರದಿಯಲ್ಲಿ ಅದೇ ಕಂಪ್ಯೂಟರಿಗೆ ಬಂದು ಕೂರುವ ಸಹೋದ್ಯೋಗಿಗಂತೂ ಯಂತ್ರಕ್ಕೇನೋ ಆಗಿದೆ ಅನ್ನಿಸದಿರದು. ಡೆಸ್ಕ್‌ಟಾಪ್ ಚೊಕ್ಕಟ ಮಾಡಲೆಂದು ಐಕಾನನ್ನು ಬೇರೆ ಫೋಲ್ಡರಿಗೆ ಹಾಕಿದಿರೋ, ಕಷ್ಟಪಟ್ಟು ಕಲಿತ ಕೀ ಕೆಲಸವನ್ನೇ ನಿಲ್ಲಿಸುತ್ತದೆ.

ಹಾಗೆಂದು ಶಾರ್ಟ್‌ಕಟ್ಟೇ ಬೇಡವೆಂದಲ್ಲ. ಹತ್ತು ಫೋಲ್ಡರ್‌ಗಳ ಆಳದಲ್ಲಿದ್ದು ದಿನವೂ ತೆರೆಯಬೇಕಾದ ಲೆಕ್ಕದ ಫೈಲಿಗೆ ಒಂದಿರಲಿ. ಅಂಥವು ಎರಡೋ ಮೂರೋ ಇದ್ದಾವು. ಉಳಿದಂತೆ, ಹೊಸ ಕೀ ಕಟ್ಟಿಕೊಳ್ಳುವ ಮುನ್ನ ಇರುವುದನ್ನು ಕಲಿಯುವುದು ಲೇಸು. ಕನ್ನಡ, ಇಂಗ್ಲಿಷ್ ಎರಡರಲ್ಲೂ ಟೈಪಿಸುವವರು ಭಾಷೆ ಬದಲಿಸಲು ಪ್ರತಿಸಲ ಮೌಸ್ ಹಿಡಿದು ಪರದೆಯ ಮೂಲೆಗೆ ಹೋಗುವುದನ್ನು ನೋಡುತ್ತೇವೆ. ವಿಂಡೋಸ್ ಕೀ ಜತೆ ಸ್ಪೇಸ್ ಒತ್ತಿದರೆ ಸಾಕೆಂಬುದು ಎಷ್ಟೋ ಜನಕ್ಕೆ ತಿಳಿದಿಲ್ಲ. ಸ್ವಂತ ಶಾರ್ಟ್‌ಕಟ್ ಕಟ್ಟಿಕೊಂಡ ಯಂತ್ರದಲ್ಲೇ ಉಳಿಯುತ್ತದೆ. ಎಲ್ಲರಿಗೂ ಒಂದೇ ಆದ ಕೀಗಳನ್ನು ಕಲಿತವರು ಯಾವ ಕಂಪ್ಯೂಟರಿನ ಮುಂದೆ ಕೂತರೂ ತಡವರಿಸುವುದಿಲ್ಲ.